ಮುಖವಿಲ್ಲದ ಭಜನೆ

ಆ ಸೋಮವಾರ ಸಂಜೆ ಆದೋನಿಯಲ್ಲಿ ಕರೆಂಟೂ ಇತ್ತು, ನೆಟ್ಟೂ ಇತ್ತು. ಅಷ್ಟಕ್ಕೇ ಶಿವನಿಗೆ ಕೈಮುಗಿದು, ಫೋನಿನಲ್ಲಿ ನಮ್ಮ ಭಜನೆಯ ಮೀಟಿಂಗ್ ತೆರೆದೆ. ಚಿಂತೆ ಬೇರೆಯದೇ ಇತ್ತು. ಎಮ್ಮಿಗನೂರಿನ ನಮ್ಮಕ್ಕ ಮುಂಜಾನೆಯೇ ಮೆಸೇಜು ಹಾಕಿದ್ದಳು: "ಇವತ್ತೂ ಏನೂ ತಿಳೀಲಿಲ್ಲ ಅಂದ್ರ ನಾ ಇನ್ನ ಬರಂಗಿಲ್ಲವ್ವ. ಗೊಂಬಿ ಹಂಗ ಕುಂತು ಸಾಕಾಗೈತಿ."

ಒಂದು ಜ್ವರ ಬಂದು ಹೋದಮೇಲೆ ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಾಳೆ. ಮಂದಿಯ ನಡುವೆ ಹೋಗುವುದನ್ನೇ ಬಿಟ್ಟವಳಿಗೆ ಉಳಿದಿದ್ದು ನಮ್ಮ ಈ ಕೂಟ ಒಂದೇ.

ಒಬ್ಬೊಬ್ಬರೇ ಬಂದರು. ಪರದೆಯ ತುಂಬ ಲಿಂಗ, ಹೂವು, ದೀಪ. ಅಕ್ಕನದು ನನ್ನದು ಬಿಟ್ಟರೆ ಮುಖ ಒಂದೂ ಇಲ್ಲ. ದೇವರ ಕಾರ್ಯದಲ್ಲಿ ನಮ್ಮ ಮುಖ ಮೆರೆಸಬಾರದೆಂದು ಎಲ್ಲರೂ ಫೋನನ್ನು ದೇವರ ಕಡೆ ತಿರುಗಿಸಿ, ತಾವು ಅದರ ಹಿಂದೆ ಕೂತು ಹಾಡುತ್ತಾರೆ.

"ಫೋನು ನಿಮ್ಮ ಕಡೆ ತಿರುಗಿಸ್ಕೊಳ್ರಿ. ಅಕ್ಕಗ ತುಟಿ ಕಾಣ್ಲಿ," ಎಂದೆ.

ಕೂಟಕ್ಕೆಲ್ಲ ಹಿರಿಯಳಾದ ಗೋನೆಗಂಡ್ಲದ ದೊಡ್ಡವ್ವನ ದನಿ ಬಂತು: "ಭಜನಿ ಶಿವಗೋ, ನಮ್ಮ ಮಾರಿಗೋ?"

ದೊಡ್ಡವ್ವ ತಿರುಗಿಸದೆ ಉಳಿದವರು ತಿರುಗಿಸುವವರಲ್ಲ. ಅಕ್ಕ ಒಂದು ದೀಪದಿಂದ ಇನ್ನೊಂದು ದೀಪಕ್ಕೆ ಕಣ್ಣಾಡಿಸಿದಳು. ಆಮೇಲೆ ಅವಳ ಚೌಕ ಕಪ್ಪಾಯಿತು. ಕ್ಯಾಮೆರಾ ಬಂದ್ ಮಾಡಿದ್ದಳು.

ನಾನು ಇನ್ನೊಂದು ದಾರಿ ಹೇಳಿದೆ: "ದೊಡ್ಡವ್ವ, ಫೋನು ದೇವ್ರ ಮಗ್ಗಲದಾಗ ಇಡು. ನೀ ದೇವ್ರನ್ನೇ ನೋಡ್ಕೋತ ಹಾಡು. ಶಿವ ನಿನ್ನ ಮಾರಿ ನೋಡ್ತಾನ, ಆತನ ಪಕ್ಕದಾಗ ಕುಂತು ಅಕ್ಕನೂ ನೋಡ್ತಾಳ."

ದೊಡ್ಡವ್ವನ ಚೌಕದಲ್ಲಿ ಲಿಂಗ ಅಲುಗಾಡಿ ಸರಿಯಿತು. ಆಮೇಲೆ ಜಂತಿ ಕಂಡಿತು, ಸೆರಗಿನ ಅಂಚು ಕಂಡಿತು, ವಿಭೂತಿ ಹಚ್ಚಿದ ದೊಡ್ಡವ್ವನ ಹಣೆ ಕಂಡಿತು. ಉಳಿದವರೂ ಫೋನು ಎತ್ತಿಟ್ಟರು. "ಕ್ಯಾಮೆರಾ ಹಚ್ಚಿ ನೋಡು" ಎಂದು ಅಕ್ಕನಿಗೆ ಬರೆದು ಹಾಕಿದೆ. ದೊಡ್ಡವ್ವ ಒಬ್ಬಳೇ ಶುರು ಮಾಡಿದಳು. ಎರಡನೇ ಸಾಲಿಗೆ ಅಕ್ಕನ ಮುಖ ಬಂತು. ಕಣ್ಣು ಕಿರಿದು ಮಾಡಿ ಪರದೆಯ ಹತ್ತಿರ ಬಾಗಿದಳು.

"ತಿಳೀವಲ್ದು," ಅಂದಳು.

ಆಮೇಲೆ ಅಕ್ಕನೇ ದೊಡ್ಡವ್ವನನ್ನು ಕೂಗಿದಳು:

"ದೊಡ್ಡವ್ವ, ಹಲ್ಲಿನ ಸೆಟ್ಟು ಹಾಕ್ಕೊಂಡು ಬಾ. ಬೊಚ್ಚು ಬಾಯಾಗ ಏನೂ ಗೊತ್ತಾಗವಲ್ದು."

"ದೇವ್ರಿಗೆ ಹಂಗೇ ತಿಳೀತೈತಿ, ಈಕಿಗೆ ಹಲ್ಲು ಬೇಕಂತ," ಎಂದು ಗೊಣಗುತ್ತ ದೊಡ್ಡವ್ವ ಎದ್ದು ಒಳಗೆ ಹೋದಳು.

ಹಲ್ಲು ಸಿಗುವ ತನಕ ಯಾರೂ ಹಾಡಲಿಲ್ಲ. ಅಕ್ಕ ದೊಡ್ಡವ್ವ ಕೂತಿದ್ದ ಖಾಲಿ ಮಣೆಯನ್ನೇ ನೋಡುತ್ತ ಕಾದಳು. ಎದ್ದು ಹೋಗಲಿಲ್ಲ.