ಮೂವತ್ತೊಂದು ಪ್ರಶ್ನೆ, ಇಪ್ಪತ್ತಾರು ಉತ್ತರ

ಗಣಿತದ ಟೀಚರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರನೇ ತರಗತಿಯ ಬೆಂಚುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ಶನಿವಾರ, ಬೆಳಗಿನ ಏಳು ಗಂಟೆ. ಮಕ್ಕಳು ಬರಲು ಇನ್ನೂ ಒಂದೂವರೆ ಗಂಟೆಯಿದೆ. ಅಲ್ಲಿಯವರೆಗೆ ಈ ಬೆಂಚುಗಳ ಮೇಲೆ ಕೂರುವವರು ಶಾಲೆಯ ಐದು ಮಂದಿ ಶಿಕ್ಷಕರು.

“ಮೇಷ್ಟ್ರೇ, ಕಾಲು ಮಡಚಿ ಕೂತ್ಕೊಳ್ಳಿ, ದಾರಿಗಡ್ಡ!” ಎಂದು ಎತ್ತರದ ವಿಜ್ಞಾನದ ಮೇಷ್ಟರನ್ನು ಗದರುತ್ತಾರೆ.

“ಮಡಚಿದ್ರೆ ಮಂಡಿ ಗಲ್ಲಕ್ಕೆ ತಾಗುತ್ತೆ ಅಕ್ಕಾ. ಮಕ್ಕಳು ಇದ್ರಲ್ಲಿ ದಿನವಿಡೀ ಹೇಗೆ ಕೂರ್ತಾವೋ!”

“ಅದು ಗೊತ್ತಾಗ್ಲಿ ಅಂತಾನೇ ಇಲ್ಲಿ ಕೂರ್ಸೋದು.”

ಒಂಬತ್ತು ವರ್ಷದ ಹಿಂದೆ ಈ ಪದ್ಧತಿ ಶುರುಮಾಡಿದವರು ಗಣಿತದ ಟೀಚರೇ. ವಾರಕ್ಕೊಮ್ಮೆ ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಕಡೆಯ ಬೆಂಚಿನಲ್ಲಿ ಕೂರಬೇಕು. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎನ್ನುವಂತಿಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಬರೆದು ಶನಿವಾರ ಓದಬೇಕು. ಶಿಕ್ಷಣ ಇಲಾಖೆಯ ಕಚೇರಿಯವರು ನಡೆಸುವ ತರಬೇತಿಗಳಿಗೆ ಹೋಗಿ ಹೋಗಿ ಅವರಿಗೆ ಸಾಕಾಗಿತ್ತು. “ಅಲ್ಲಿ ಮಕ್ಕಳೇ ಇರ್ತಿರ್ಲಿಲ್ಲ. ದಡದ ಮೇಲೆ ಈಜು ಕಲಿಸ್ದಂಗೆ” ಎನ್ನುತ್ತಾರೆ.

ಅವರಿಗೇ ಪೆಟ್ಟು ಬಿದ್ದದ್ದು ಕಳೆದ ವರ್ಷ, ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದ ಮೇಲೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಕಿರಿಯ ಟೀಚರು ಅವರ ಪಾಠ ನೋಡಿ ಬಂದು ಓದಿದರು: ನಲವತ್ತು ನಿಮಿಷ, ಮೂವತ್ತೊಂದು ಪ್ರಶ್ನೆ, ಇಪ್ಪತ್ತಾರಕ್ಕೆ ಟೀಚರೇ ಉತ್ತರ ಹೇಳಿದರು.

“ಮುಖಕ್ಕೆ ತಣ್ಣೀರು ಎರಚಿದಂಗಾಯ್ತು. ಮಕ್ಕಳಿಗೆ ಬಾಯಿ ಬಿಡೋಕೇ ಬಿಟ್ಟಿಲ್ವಲ್ಲ ನಾನು! ಈಗ ಪ್ರಶ್ನೆ ಕೇಳಿ ಮನಸ್ಸಲ್ಲೇ ಹತ್ತು ಎಣಿಸ್ತೀನಿ. ಆರಕ್ಕೋ ಏಳಕ್ಕೋ ಒಂದು ಕೈ ಮೇಲೇಳುತ್ತೆ.”

ಈಗ ಈ ಶನಿವಾರದ ಗಂಟೆಗೇ ಕುತ್ತು ಬಂದಿದೆ. ಎರಡು ತಿಂಗಳ ಹಿಂದೆ ಮೇಲಿನ ಕಚೇರಿ, ತುಂಬಿ ಕಳಿಸಬೇಕಾದ ಪತ್ರವೊಂದರಲ್ಲಿ ಕೇಳಿತ್ತು: ತರಬೇತುದಾರರು ಯಾರು? ಬದಲಾದದ್ದೇನು? ಈ ತಿಂಗಳ ಕೊನೆಯೊಳಗೆ ಉತ್ತರ ತಲುಪದಿದ್ದರೆ ಆ ಹೊತ್ತು ದಾಖಲೆ ತುಂಬುವ ಕೆಲಸಕ್ಕೆ ಹೋಗುತ್ತದೆ. ಇರುವ ಗಟ್ಟಿ ಸಾಕ್ಷಿಯೆಂದರೆ ಕಿರಿಯ ಟೀಚರು ಬರೆದ ಆ ಹಾಳೆ. ತನ್ನ ತಪ್ಪನ್ನು ತಾನೇ ಮೇಲಿನವರಿಗೆ ಕಳಿಸಲು ಇವರಿಗೆ ಕೈ ಬರಲಿಲ್ಲ. ಪತ್ರ ಮೇಜಿನ ಖಾನೆಯಲ್ಲೇ ಕೂತಿತು.

“ನಿವೃತ್ತಿಗೆ ಒಂದೇ ವರ್ಷ ಇದೆ, ಈಗ ನಿನ್ನ ಮೇಲೆ ನೀನೇ ಚಾಡಿ ಬರ್ಕೊಳ್ತೀಯಾ?” ಎಂದು ಗಂಡ ನಕ್ಕಿದ್ದರಂತೆ.

ಇಂದು ಓದು ಮುಗಿದ ಮೇಲೆ ಕಿರಿಯ ಟೀಚರು ಹತ್ತಿರ ಬರುತ್ತಾರೆ. “ಅಕ್ಕಾ, ನಿಮ್ಮದು ಬೇಡ. ನನ್ನ ಪಾಠ ನೋಡಿ ಮೇಷ್ಟ್ರು ಬರ್ದಿದ್ದು ಕಳ್ಸಿ. ಅದ್ರಲ್ಲೂ ಬೇಕಾದಷ್ಟು ತಪ್ಪಿದೆ.”

ಗಣಿತದ ಟೀಚರು ಬೇಡವೆಂದು ಕೈಯಾಡಿಸುತ್ತಾರೆ. “ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಹುಡುಗಿ. ನಿನ್ನನ್ನ ಮುಂದೆ ತಳ್ಳಿ ನಾನು ಹಿಂದೆ ಅಡಗ್ಕೊಳ್ಲಾ?”

ಖಾನೆ ಎಳೆದು ಪತ್ರ ತೆಗೆಯುತ್ತಾರೆ. ತರಬೇತುದಾರರು ಎಂಬಲ್ಲಿ ಕಿರಿಯಳ ಹೆಸರು, ಕಲಿತವರು ಎಂಬಲ್ಲಿ ತಮ್ಮದು. ಮೂವತ್ತೊಂದು ಪ್ರಶ್ನೆಯ ಆ ಹಾಳೆಯನ್ನು ಹಿಂದೆ ಪಿನ್ನು ಮಾಡಿ, ಲಕೋಟೆ ಅಂಟಿಸಿ, ರಸ್ತೆ ದಾಟಿ ಅಂಚೆ ಪೆಟ್ಟಿಗೆಗೆ ಹಾಕುತ್ತಾರೆ.

“ನಗೋರು ನಗ್ಲಿ. ನಮ್ಮ ಒಂದು ಗಂಟೆ ನಮಗೆ ಬಿಟ್ರೆ ಸಾಕು.”