ಬೂದಿ ಮುಖದವನ ಕತೆ ಹೇಳಿದವನು

ಹೊಸನಗರದಿಂದ ನಗರದ ಕಡೆ ಹೋಗುವ ಬಸ್ಸಿನಲ್ಲಿ ಗಿರಣಿ ಸ್ಟಾಪಿಗೆ ಇಳಿದು ಮಂಜುನಾಥಪ್ಪನ ಮನೆ ಕೇಳಿದರೆ, ಟಿವಿ ಮಂಜುನಾಥಪ್ಪನಾ ಎಂದು ಜನ ತಿರುಗಿ ಕೇಳುತ್ತಾರೆ. ಅವನು ಟಿವಿ ಮಾರಿದವನಲ್ಲ, ರಿಪೇರಿ ಮಾಡಿದವನೂ ಅಲ್ಲ. ಊರಿನಲ್ಲಿ ಎಲ್ಲರ ಮನೆಯ ಟಿವಿ ಹಳತಾದ ಮೇಲೆ ಅವನ ಮನೆಗೊಂದು ಬಂತು. ಆದರೂ ಎಪ್ಪತ್ತರ ಹತ್ತಿರ ಬಂದಿರುವ ಈ ಮನುಷ್ಯನಿಗೆ ಆ ಹೆಸರು ಅಂಟಿಕೊಂಡಿದೆ, ಅದನ್ನು ಕೇಳಿದಾಗಲೆಲ್ಲ ಅವನ ಮೀಸೆ ಸ್ವಲ್ಪ ಮೇಲೇರುತ್ತದೆ.

ಹೆಸರು ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಊರಿನ ಮೊದಲ ಟಿವಿಯನ್ನು ಅಕ್ಕಿ ಗಿರಣಿಯ ಯಜಮಾನರು ತಂದು ಗಿರಣಿಯಲ್ಲೇ ಇಟ್ಟಿದ್ದರು, ಕರೆಂಟು ಹೋದರೆ ಜನರೇಟರ್ ಇತ್ತಲ್ಲ. ಭಾನುವಾರ ಬೆಳಿಗ್ಗೆ ಮಷಿನ್ನಿಗೆ ರಜೆ. ಒಬ್ಬ ಮಾಡು ಹತ್ತಿ ಆಂಟೆನಾ ತಿರುಗಿಸುತ್ತಿದ್ದ, ಕೆಳಗಿನಿಂದ ಹತ್ತು ಜನ ಬಂತು, ಹೋಯ್ತು ಎಂದು ಕೂಗುತ್ತಿದ್ದರು. ತೌಡಿನ ಘಮದ ನಡುವೆ ಭತ್ತದ ಮೂಟೆಗಳ ಮೇಲೆ ಊರಿಗೆ ಊರೇ ಹತ್ತಿ ಕೂರುತ್ತಿತ್ತು. ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಆಕಾಶದಲ್ಲಿ ಹಾರುವ ವೀರನೊಬ್ಬನ ಧಾರಾವಾಹಿ ಅದು. ಮಾತೆಲ್ಲ ಹಿಂದಿ, ಊರಿನಲ್ಲಿ ಯಾರಿಗೂ ಹಿಂದಿಯ ಗಂಧವಿಲ್ಲ. ಗಿರಣಿಯಲ್ಲಿ ಭತ್ತ ಸುರಿಯುವ ಕೆಲಸದ ಮಂಜುನಾಥಪ್ಪನೊಬ್ಬ ಮುಂಬೈ ನೋಡಿ ಬಂದಿದ್ದ. ಯಜಮಾನರು ಅವನನ್ನು ಟಿವಿಯ ಪಕ್ಕ ನಿಲ್ಲಿಸಿ, ಕನ್ನಡದಲ್ಲಿ ಹೇಳು ಎಂದರು.

ಮುಂಬೈಯಲ್ಲಿ ಅವನು ಪಾತ್ರೆ ತೊಳೆದದ್ದು ಒಂದು ಹೋಟೆಲಿನ ಅಡುಗೆಮನೆಯಲ್ಲಿ. ಅಲ್ಲಿ ಯಜಮಾನನಿಂದ ಹಿಡಿದು ಬೆಕ್ಕಿನವರೆಗೆ ಎಲ್ಲರದೂ ಕುಂದಾಪುರದ ಕನ್ನಡ. ಹಿಂದಿ ಬರುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬಾಗಿಲ ಹತ್ತಿರ, ಬರೀ ನೆಲದ ಮೇಲೆ, ಎಂಟು ವರ್ಷದ ಮಗಳು ಸುಮನಾ ಒಬ್ಬಳೇ ಕೂತು ಅವನನ್ನೇ ನೋಡುತ್ತಿದ್ದಳು.

ಅವಳು ಒಬ್ಬಳೇ ಕೂತದ್ದಕ್ಕೆ ಕಾರಣವಿತ್ತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು ಶರಾವತಿ ನಿಂತಾಗ, ಮನೆ ಗದ್ದೆ ನೀರಿಗೆ ಬಿಟ್ಟು ಲಾರಿ ಹತ್ತಿದವರಲ್ಲಿ ಮಂಜುನಾಥಪ್ಪನ ಅಪ್ಪ ಅಮ್ಮನೂ ಇದ್ದರು. ಆಗ ಅವನಿನ್ನೂ ಸಣ್ಣ ಹುಡುಗ. ಲಾರಿ ಇಳಿಸಿದ ಊರಿನಲ್ಲಿ ಅವರಿಗೆ ಸಿಕ್ಕ ಹೆಸರು ಮುಳುಗಡೆಯವರು. ಕೋಳಿ ಕಾಣೆಯಾದರೆ ಮುಳುಗಡೆಯವರ ಕೇರಿಯಲ್ಲಿ ಹುಡುಕುತ್ತಿದ್ದರು, ಬಾವಿ ನೀರು ಕೆಟ್ಟರೆ ಮುಳುಗಡೆಯವರ ಕೊಡದ ಮೇಲೆ ಹೇಳುತ್ತಿದ್ದರು. ಆ ಹೆಸರು ಮಗಳ ಕಾಲಕ್ಕೂ ಅಳಿಸಿರಲಿಲ್ಲ. ಯಜಮಾನರ ಮಗ ಗಿರಿಧರ ತಾನು ಕೂತ ಮೂಟೆಯ ಮೇಲೆ ಅವಳಿಗೆ ಜಾಗ ಕೊಡುತ್ತಿರಲಿಲ್ಲ.

ಧಾರಾವಾಹಿಯಲ್ಲಿ ಬೇರೆ ನಕ್ಷತ್ರದಿಂದ ಬಂದ ಬೋಳುತಲೆಯವನೊಬ್ಬನಿದ್ದ. ಕಪ್ಪುಬಿಳುಪು ಟಿವಿಯಲ್ಲಿ ಅವನ ಮುಖ ಬೂದಿ ಬಳಿದಂತೆ ಕಾಣುತ್ತಿತ್ತು. ಅವನನ್ನು ಕಂಡು ಪಟ್ಟಣದ ಜನ ಓಡುತ್ತಿದ್ದರು. ಮಂಜುನಾಥಪ್ಪ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಪಾಪ, ಇವನ ಊರು ನೀರಲ್ಲಿ ಮುಳುಗಿದೆ, ನಿಲ್ಲಲು ಒಂದು ಜಾಗ ಕೊಡಿ ಎಂದು ಕೇಳಲು ಬಂದಿದ್ದಾನೆ, ಅವನ ಮಾತು ಯಾರಿಗೂ ತಿಳಿಯುವುದಿಲ್ಲ, ಅದಕ್ಕೇ ಹೆದರುತ್ತಿದ್ದಾರೆ ಎಂದ. ಆಮೇಲೆ ನಿಲ್ಲಿಸಲು ಅವನಿಗೇ ಆಗಲಿಲ್ಲ. ವೀರ ಬಂದು ಬೂದಿ ಮುಖದವನಿಗೆ ಗುದ್ದಿದರೆ, ತಪ್ಪು ತಿಳುವಳಿಕೆ, ಮುಂದಿನ ವಾರ ಸರಿಹೋಗುತ್ತದೆ ಎನ್ನುತ್ತಿದ್ದ. ಇಬ್ಬರೂ ತೆಕ್ಕೆ ಹಿಡಿದು ಬಿದ್ದರೆ, ರಾಜಿಯಾಗಿ ಅಪ್ಪಿಕೊಂಡರು ಎನ್ನುತ್ತಿದ್ದ. ಕೊನೆಯ ವಾರ ಬೂದಿ ಮುಖದವನು ಮೈಗೆ ಬೆಂಕಿ ಹತ್ತಿ ಆಕಾಶಕ್ಕೆ ಚಿಮ್ಮಿದಾಗ, ಊರಿನ ನೀರು ಇಳಿಯಿತಂತೆ, ಮನೆಗೆ ಹೊರಟ ಎಂದುಬಿಟ್ಟ. ಮೂಟೆಗಳ ಮೇಲೆ ಕೂತವರೆಲ್ಲ ಕಣ್ಣೊರೆಸಿಕೊಂಡರು. ಅಷ್ಟು ಹೊತ್ತಿಗೆ ಸುಮನಾ ಗಿರಿಧರನ ಪಕ್ಕದಲ್ಲೇ, ಅವನ ಮೂಟೆಯ ಮೇಲೆಯೇ ಕೂತಿದ್ದಳು. ಸುಳ್ಳು ಹೇಳಿ ಇಷ್ಟು ಒಳ್ಳೆಯದು ಮಾಡಿದವರು ಆ ಸೀಮೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಸುಮನಾ ಓದಿ, ತೀರ್ಥಹಳ್ಳಿಯ ಒಂದು ವಿದ್ಯಾರ್ಥಿನಿಲಯದಲ್ಲಿ ವಾರ್ಡನ್ ಆದಳು. ಬೇರೆ ಊರಿನ ಹೊಸ ಮಕ್ಕಳು ಬಂದು, ಹಳಬರು ಅವರನ್ನು ದೂರ ಇಟ್ಟಾಗಲೆಲ್ಲ ಬೂದಿ ಮುಖದವನ ಕತೆ ಹೇಳುತ್ತಾಳಂತೆ. ಮನೆಗೆ ಬಂದಾಗ ಅದನ್ನು ಅಪ್ಪನ ಮುಂದೆ ವರದಿ ಮಾಡುತ್ತಾಳೆ. ಮಂಜುನಾಥಪ್ಪ ಹಿಗ್ಗುತ್ತಾನೆ, ಜೊತೆಗೇ ಒಂದು ಮುಳ್ಳು ಚುಚ್ಚುತ್ತದೆ. ಅದು ತನ್ನ ಕಟ್ಟುಕತೆ ಎಂದು ಮಗಳಿಗೆ ಗೊತ್ತಾದರೆ ಏನು ಗತಿ? ಜೀವನದಲ್ಲಿ ಅವನು ಮಾಡಿದ ಒಂದೇ ದೊಡ್ಡ ಕೆಲಸ ಅದು, ಅದನ್ನು ನಂಬಿದ ಒಬ್ಬಳು ಮಗಳು. ಅವನ ಆಸ್ತಿಯೆಲ್ಲ ಅಷ್ಟೇ.

ಈ ವರ್ಷ ಅಡಿಕೆ ಸುಲಿತದ ಕಾಲದಲ್ಲಿ ಗಿರಿಧರ ಮನೆಗೆ ಬಂದ. ಮುಚ್ಚಿ ಎಷ್ಟೋ ಕಾಲವಾದ ಗಿರಣಿಯನ್ನು ಕೆಡವುವುದಿದೆ, ಅದಕ್ಕೆ ಮೊದಲು ಒಂದು ಭಾನುವಾರ ಎಲ್ಲರೂ ಸೇರೋಣ, ಹಳೆಯ ಧಾರಾವಾಹಿ ಮೊಬೈಲಿನಲ್ಲಿ ಸಿಕ್ಕಿದೆ, ಪ್ರೊಜೆಕ್ಟರ್ ತರಿಸುತ್ತೇನೆ, ನೀವು ಪಕ್ಕ ನಿಂತು ಹೇಳಬೇಕು ಎಂದ. ಮಂಜುನಾಥಪ್ಪ ಹಿಗ್ಗಿ ಹೀರೇಕಾಯಿಯಾದ. ಹೊರಡುವಾಗ ಗಿರಿಧರ, ಗಿರಣಿಯ ಹಿಂದಿನ ಶೆಡ್ಡಿನಲ್ಲಿರುವ ಸುಲಿತದವರೂ ಬರುತ್ತಾರೆ, ಅವರಿಗೆ ಹಿಂದಿ ಬರುವುದರಿಂದ ಖುಷಿಯಾಗುತ್ತದೆ ಎಂದ. ಅವನು ಹೇಳಿದ್ದು ಜಾರ್ಖಂಡದಿಂದ ಬಂದು ನಾಲ್ಕು ವರ್ಷವಾಗಿದ್ದ ಫುಲ್ಮನಿ ಮತ್ತು ಅವಳ ಜೊತೆಯವರ ಬಗ್ಗೆ. ಮಂಜುನಾಥಪ್ಪನ ಹಿಗ್ಗು ಅಲ್ಲೇ ಇಳಿಯಿತು.

"ಅವ್ರು ಯಾಕೆ ಗಿರಿ? ಹೊರಗಿನೋರು. ನಮ್ಮೂರಿನ ಕಾರ್ಯಕ್ರಮ ನಮಗೆ ಸಾಕು" ಎಂದ.

ಗಿರಿಧರ ಎರಡನೇ ಮಾತಾಡದೆ ಒಪ್ಪಿಬಿಟ್ಟ. ತನಗೂ ಹಾಗೇ ಅನ್ನಿಸಿತ್ತು, ಅವರು ಬಂದ ಮೇಲೆ ಪೈಪು, ತೆಂಗಿನಕಾಯಿ ಎಲ್ಲ ಕಾಣೆಯಾಗುತ್ತಿವೆ ಎಂದ. ಆ ಮಾತನ್ನು ಮಂಜುನಾಥಪ್ಪ ಬಾಲ್ಯವಿಡೀ ಕೇಳಿದ್ದ. ಈಗ ಗಿರಿಧರನನ್ನು ಅಂಗಳದವರೆಗೆ ಬಿಟ್ಟು ಬಂದ.

ಭಾನುವಾರ ಗಿರಣಿ ತುಂಬಿತು. ಹಳೆಯ ಹುಡುಗರೆಲ್ಲ ಹೊಟ್ಟೆ ಬೆಳೆಸಿಕೊಂಡು, ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಮೂಟೆಗಳಿದ್ದ ಜಾಗದಲ್ಲಿ ಕುರ್ಚಿ ಹಾಕಿದ್ದರು, ಯಾರೋ ಆಂಟೆನಾ ತಿರುಗಿಸುವ ನಟನೆ ಮಾಡಿ ನಗಿಸಿದರು. ತೀರ್ಥಹಳ್ಳಿಯ ಬಸ್ಸಿಳಿದು ಬಂದ ಸುಮನಾ ಬಾಗಿಲಲ್ಲೇ ನಿಂತಳು. ಒಗೆದ ಸೀರೆ ಉಟ್ಟು ಬಂದಿದ್ದ ಫುಲ್ಮನಿಯ ಗುಂಪನ್ನು ವಾಪಸು ಕಳಿಸಿದ್ದರು, ಅವರು ಶೆಡ್ಡಿಗೂ ಹೋಗದೆ ಹೊರಗೆ ಕಲ್ಲಿನ ಮೇಲೆ ಕೂತಿದ್ದರು. ಸುಮನಾ ಗಿರಿಧರನನ್ನು ಕೇಳಿದಳು, ಆಮೇಲೆ ನೇರ ಅಪ್ಪನ ಹತ್ತಿರ ಬಂದಳು.

"ಅವ್ರನ್ನ ಸೇರಿಸ್ಬೇಡ ಅಂದಿದ್ದು ನೀನಾ ಅಪ್ಪ?"

"ಅವ್ರಿಗೆ ಹಿಂದಿ ಬರುತ್ತೆ ಸುಮಾ. ನಾನು ಹೇಳಿದ್ದೆಲ್ಲ ಕಟ್ಟುಕತೆ. ಅದು ನಿಂಗೆ ಗೊತ್ತಾದ್ರೆ ನಂದು ಅಂತ ಏನು ಉಳೀತದೆ?"

"ಅದು ಹೈಸ್ಕೂಲಲ್ಲೇ ಗೊತ್ತಾಗಿತ್ತು. ಹಿಂದಿ ಕಲ್ತಿದ್ದೆ, ಹಾಸ್ಟೆಲ್ ಟಿವೀಲಿ ಮತ್ತೆ ಹಾಕಿದ್ರು. ಅವತ್ತು ನಂಗೆ ಬೇಜಾರಾಗ್ಲಿಲ್ಲ ಅಪ್ಪ. ಇವತ್ತು ಆಯ್ತು."

ಅಷ್ಟು ಹೇಳಿ ಹೊರಗೆ ಹೋಗಿ, ಫುಲ್ಮನಿಯ ಪಕ್ಕ ಅದೇ ಕಲ್ಲಿನ ಮೇಲೆ ಕೂತುಬಿಟ್ಟಳು. ಗಿರಣಿಯೊಳಗೆ ಎಲ್ಲರೂ ಮಂಜುನಾಥಪ್ಪನನ್ನು ನೋಡುತ್ತಿದ್ದರು. ಅವನು ಹೊರಗೆ ನಡೆದ. ಅವನು ಬರುವುದನ್ನು ಕಂಡು ಫುಲ್ಮನಿ ದಡಬಡಿಸಿ ಎದ್ದು ನಿಂತಳು, ಅಲ್ಲಿಂದಲೂ ಏಳಿಸಲು ಬಂದ ಎಂದುಕೊಂಡು. ಊರಿನವರು ಎದುರಿಗೆ ಬಂದಾಗ ಅವನ ಅಮ್ಮ ಶೇಷಮ್ಮ ಹೀಗೇ ಏಳುತ್ತಿದ್ದಳು. ಮಂಜುನಾಥಪ್ಪನಿಗೆ ನಾಚಿಕೆಯಿಂದ ಅಳು ಬಂತು.

"ನಂಗೆ ಹಿಂದಿ ಬರಲ್ಲಮ್ಮ. ನೀವು ಒಳಗೆ ಬಂದು ಕನ್ನಡದಲ್ಲಿ ಹೇಳ್ತೀರಾ?" ಎಂದ.

ಅವಳು ಸುಮನಾಳ ಮುಖ ನೋಡಿದಳು. ಆಮೇಲೆ ಎಲ್ಲರೂ ಒಳಗೆ ಬಂದರು. ಇವರನ್ನು ಹೊರಗಿಡಲು ಹೇಳಿದವನು ತಾನೇ, ಅದು ತಪ್ಪಾಯಿತು ಎಂದು ಮಂಜುನಾಥಪ್ಪ ಎಲ್ಲರಿಗೂ ಕೇಳುವಂತೆ ಹೇಳಿ, ತನ್ನ ಜಾಗದಲ್ಲಿ ಫುಲ್ಮನಿಯನ್ನು ನಿಲ್ಲಿಸಿ, ಮಗಳ ಜೊತೆ ಕೆಳಗೆ ಕೂತ. ಪರದೆಯ ಮೇಲೆ ಬಣ್ಣ ಬಂದಾಗ ಬೂದಿ ಮುಖ ಅಚ್ಚ ಹಸಿರಾಗಿತ್ತು. ಫುಲ್ಮನಿ ಸ್ವಲ್ಪ ಹೊತ್ತು ಕಿವಿಗೊಟ್ಟು, ಸುಲಿತದ ಚಪ್ಪರದಲ್ಲಿ ಕಲಿತ ಕನ್ನಡದಲ್ಲಿ, ಇವನು ಕೆಟ್ಟವನು, ಈ ಊರು ಸುಡುತ್ತೇನೆ ಎನ್ನುತ್ತಿದ್ದಾನೆ ಎಂದಳು. ಎಲ್ಲರೂ ಮಂಜುನಾಥಪ್ಪನ ಕಡೆ ತಿರುಗಿದರು. ಅವರು ಹೇಳಿದ್ದೇ ಸರಿ, ನಾನು ಹೇಳಿದ್ದು ನನ್ನ ಕತೆ ಎಂದು ಅವನು ಒಪ್ಪಿಕೊಂಡ. ಗಿರಣಿಯೇ ಹಾರಿಹೋಗುವ ಹಾಗೆ ಜನ ನಕ್ಕರು. ಗಿರಿಧರನೂ ನಕ್ಕ, ನಗುತ್ತಲೇ ಫುಲ್ಮನಿಯನ್ನು ಕೇಳಿದ, ಅವನು ಊರು ಸುಡುವುದಾದರೂ ಯಾಕಂತೆ ಎಂದು.

ಫುಲ್ಮನಿ ಮತ್ತೆ ಪರದೆಯ ಕಡೆ ತಿರುಗಿ ಕೇಳಿಸಿಕೊಂಡಳು. ಬಹಳ ಹೊತ್ತು ಕೇಳಿಸಿಕೊಂಡಳು.

"ಅದು ಹೇಳಲ್ಲ" ಎಂದಳು. "ಹೊರಗಿನೋನು ಅಂತಾರೆ. ಅಷ್ಟೇ ಅಂತಾರೆ."

ಗಿರಿಧರ ನಗು ನಿಲ್ಲಿಸಿದ. ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಅವಳ ಹತ್ತಿರ ತಂದಿಟ್ಟ.