ಬೀಳುವ ತಗಡಿನ ಗೊಂಬೆ

ಯಾದಗಿರಿ ಕಡೆಯ ಬೂದೆಪ್ಪ ಹೈದರಾಬಾದಿಗೆ ಬಂದು ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳಿಗೆ ಕಬ್ಬಿಣ ಬೆಸೆದ. ಜೊತೆಗಾರನೊಬ್ಬ ಮೇಲಿಂದ ಬಿದ್ದು ಸತ್ತ ಮೇಲೆ ಗುಜರಿಯ ತಗಡು, ಸೈಕಲ್ ಚೈನು ತಂದು ಒಂದು ಗೊಂಬೆಯಾಟ ಕಟ್ಟಿದ. ಹಿಡಿ ತಿರುಗಿಸಿದರೆ ತಗಡಿನ ಕೂಲಿಗಳು ಏಣಿ ಹತ್ತುತ್ತಾರೆ, ಒಬ್ಬ ಬೀಳುತ್ತಾನೆ. ಧರಣಿಗಳಲ್ಲಿ ಅದನ್ನು ಆಡಿಸಿ ಪೊಲೀಸರ ಏಟು ತಿಂದ. ಈ ಬೇಸಿಗೆಯಲ್ಲಿ ಜ್ವರ ಬಂದು ತೀರಿಹೋದ.

ಕಂಪನಿಯೊಂದರ ಮ್ಯಾನೇಜರ್, ಕಲಬುರಗಿಯವನೇ, ಮನೆಗೆ ಬಂದ. ತಮ್ಮ ಕಂಪನಿಯ ಬಾಗಿಲಲ್ಲಿ ಅಲಂಕಾರಕ್ಕೆ ಅದು ಬೇಕಂತೆ.

"ಬೀಳೋ ಗೊಂಬಿನ ಬೀಳದಂಗ ಏಣಿಗೆ ಬೆಸಸಿ ಕೊಡ್ರಿ ಅಕ್ಕಾರ. ಭಾಳ ಚೆಂದ ಕಾಣತೈತಿ."

"ಬೀಳಲಿಲ್ಲಂದ್ರ ಅದು ನಮ್ಮವರು ಮಾಡಿದ್ದಲ್ಲರಿ," ಎಂದಳು ಬೂದೆಪ್ಪನ ಹೆಂಡತಿ ಗದಿಗೆಮ್ಮ.

"ಮನ್ಯಾಗಿಟ್ರ ಯಾರು ನೋಡ್ತಾರ?"

ಆ ಮಾತು ಚುಚ್ಚಿತು. ಮರುದಿನ ಬೆಳಗ್ಗೆ, ಕೂಲಿಗಳು ಕೆಲಸಕ್ಕೆ ಕಾದು ನಿಲ್ಲುವ ಅಡ್ಡಾಕ್ಕೆ ಅದನ್ನು ಹೊತ್ತೊಯ್ದು ಹಿಡಿ ತಿರುಗಿಸಿದಳು.

"ಮುಂದಿರೋ ಗೊಂಬಿ ನಮ್ಮ ಶಾಂತಪ್ಪನಂಗ ಐತಿ, ಹೊಟ್ಟಿ ನೋಡ್ರಿ," ಎಂದು ಯಾರೋ ನಗಿಸಿದರು. ಗೊಂಬೆ ಬಿದ್ದಾಗ ನಗು ನಿಂತಿತು.

"ಯಕ್ಕಾ, ಬೂದೆಪ್ಪಣ್ಣ ಇದನ್ನ ಇಲ್ಲಿಗೆ ಸಂಜಿಗಷ್ಟ ತರ್ತಿದ್ದ," ಎಂದ ಗೋಡೆ ಕಟ್ಟುವ ಒಬ್ಬ ಮುದುಕ ಗೌಂಡಿ ಮೆಲ್ಲಗೆ. "ಮ್ಯಾಲ ಹತ್ತೋ ಹೊತ್ತಿಗೆ ತೋರಸಬ್ಯಾಡ."

ಗಂಡ ಇದನ್ನು ಅವಳಿಗೆ ಹೇಳಿರಲಿಲ್ಲ. ಅವಳು ಬಿದ್ದ ಗೊಂಬೆಯನ್ನು ಎತ್ತಿ ಏಣಿಯ ಮೇಲಿಟ್ಟಳು.

"ಎಲ್ಲಾರೂ ಹೋಗಿ ಬರ್ರಿ," ಎಂದಳು. "ಸಂಜಿಗೆ ನೀವು ಬರೂತನಕ ಇಲ್ಲೇ ಕುಂತಿರ್ತೀನಿ."